ಇಪ್ಪತ್ತರ ಎಣಿಕೆಯಲ್ಲಿ 7ಕ್ಕೂ ಸುಲಭ ಪರೀಕ್ಷೆ ಇದೆ
ಮಧ್ಯ ಅಮೆರಿಕದ ಮಾಯಾ ಜನರ ಇಪ್ಪತ್ತರ ಎಣಿಕೆ (ಅಂಕಿಗಳು 0ಯಿಂದ 19ರವರೆಗೆ, ಪ್ರತಿ ಸ್ಥಾನಕ್ಕೆ ಹಿಂದಿನದರ ಇಪ್ಪತ್ತು ಪಟ್ಟು ಬೆಲೆ) ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ, ಆದರೆ ಅದರ ಗಣಿತದ ಸೊಗಸು ಬಿಟ್ಟುಹೋಗಿದೆ. ನಾವು ಅಂಕಿಗಳನ್ನು ಕೂಡಿಸಿ 9ರಿಂದ ಭಾಗವಾಗುತ್ತದಾ ಅಂತ ನೋಡುತ್ತೇವೆ ಅಲ್ವಾ, ಅಲ್ಲಿ ಅದೇ ಕೆಲಸ 19ಕ್ಕೆ ನಡೆಯುತ್ತದೆ. 361 ಅಂದರೆ 18 ಇಪ್ಪತ್ತು, ಮೇಲೆ 1. ಕೂಡಿಸಿದರೆ 19, ಭಾಗವಾಯಿತು. ನಾವು 11ಕ್ಕೆ ಮಾಡುವ ಹಾಗೆ ಅಂಕಿಗಳನ್ನು ಒಂದು ಕೂಡಿಸಿ ಒಂದು ಕಳೆಯುತ್ತಾ ಹೋದರೆ 21ರ ಪರೀಕ್ಷೆ ಸಿಗುತ್ತದೆ, 21 ಅಂದರೆ 3 × 7, ಹಾಗಾಗಿ 3 ಮತ್ತು 7 ಎರಡಕ್ಕೂ ಅದೇ ಸಾಕು. ನಮ್ಮ ಹತ್ತರ ಎಣಿಕೆಯಲ್ಲಿ 7 ಎಷ್ಟು ಕಾಡುತ್ತದೆ ನೋಡಿ! ನನಗೆ ಜಾಸ್ತಿ ಇಷ್ಟ ವರ್ಗಸಂಖ್ಯೆಗಳು. ಇಪ್ಪತ್ತರ ಎಣಿಕೆಯಲ್ಲಿ ಅವುಗಳ ಕೊನೆ ಅಂಕಿ 0, 1, 4, 5, 9, 16 ಮಾತ್ರ. ಹತ್ತರ ಎಣಿಕೆಯಲ್ಲೂ ಆರೇ ಅಂಕಿ, ಆದರೆ ಅಲ್ಲಿ ಹತ್ತು ಅಂಕಿಗಳಲ್ಲಿ ಆರು, ಇಲ್ಲಿ ಇಪ್ಪತ್ತು ಅಂಕಿಗಳಲ್ಲಿ ಆರು, ಅದಕ್ಕೇ ವರ್ಗವಲ್ಲದ ಸಂಖ್ಯೆ ಬೇಗ ಸಿಕ್ಕಿಬೀಳುತ್ತದೆ.