ರಾಗಿಯ ಹಿಂದೆ ಕಂಪನಿ ಬರಲ್ಲ, ವಿಶ್ವವಿದ್ಯಾಲಯವೇ ನಿಲ್ಲಬೇಕು

ಸರ್ಕಾರಿ ವಿಶ್ವವಿದ್ಯಾಲಯಗಳು ಉದ್ಯಮದ ಜೊತೆ ಕೈಜೋಡಿಸಬೇಕು ಅನ್ನುವ ಮಾತು ಈಗ ಎಲ್ಲ ಕಡೆ ಕೇಳುತ್ತದೆ. ಒಪ್ಪಂದಕ್ಕೆ ಸಹಿ ಹಾಕಿ, ಫೈಲ್ ಹಿಡಿದು ಸಾಲಾಗಿ ನಿಂತ ಫೋಟೊಗಳೂ ಪೇಪರ್‌ನಲ್ಲಿ ಬರುತ್ತಿರುತ್ತವೆ. ನಾನು ಅದರ ವಿರೋಧಿ ಅಲ್ಲ. ಆದರೆ ಕಂಪನಿಯವರ ಎದುರು ಕೂರುವಾಗ ವಿಶ್ವವಿದ್ಯಾಲಯದ ಕೈಯಲ್ಲಿ ಸ್ವಂತದ್ದು ಅಂತ ಏನಿರಬೇಕು, ಅದು ಎಲ್ಲಿಂದ ಬರುತ್ತದೆ ಅನ್ನುವುದರ ಬಗ್ಗೆ ಮಾತೇ ಇಲ್ಲ. ನನಗೆ ಚೆನ್ನಾಗಿ ಗೊತ್ತಿರುವ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿಷಯ ಇಟ್ಟುಕೊಂಡೇ ಹೇಳುತ್ತೇನೆ.

ಯಲಹಂಕದ ದಾರಿಯಲ್ಲಿ ಓಡಾಡುವವರಿಗೆಲ್ಲ ಈ ವಿಶ್ವವಿದ್ಯಾಲಯದ ಆವರಣ ಜಿಕೆವಿಕೆ ಗೊತ್ತು. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಕೊಟ್ಟು ಶುರು ಮಾಡಿಸಿದ ಪ್ರಯೋಗದ ತೋಟವೇ ಇದರ ಬೇರು. ವಿಶ್ವವಿದ್ಯಾಲಯ ಆಗಿದ್ದು 1964ರಲ್ಲಿ. ಇವತ್ತು ಒಳಗೆ ಹೋದರೆ ಒಂದು ಕಡೆ ರಾಗಿ, ಅವರೆ, ತೊಗರಿ ತಾಕುಗಳು. ಅದೇ ಆವರಣದ ಇನ್ನೊಂದು ಕಡೆ ವಿಜ್ಞಾನಿ ಒಬೈದ್ ಸಿದ್ದಿಕಿಯವರು ಕಟ್ಟಿದ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್. ಅದರ ಪಕ್ಕದಲ್ಲೇ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2009ರಲ್ಲಿ ಶುರು ಮಾಡಿದ ಸಿ-ಕ್ಯಾಂಪ್, ಅಂದರೆ ಸ್ಟಾರ್ಟಪ್‌ಗಳಿಗೆ ಪ್ರಯೋಗಾಲಯದ ಸೌಲಭ್ಯ ಕೊಡುವ ಕೇಂದ್ರ. ಹೊಸ ಆ್ಯಂಟಿಬಯಾಟಿಕ್ ಹುಡುಕುತ್ತಿರುವ ಬಗ್‌ವರ್ಕ್ಸ್‌ನಂಥ ಸ್ಟಾರ್ಟಪ್‌ಗಳು ಬೆಳೆದದ್ದು ಅಲ್ಲಿ. ಲಕ್ಷಗಟ್ಟಲೆ ಬೆಲೆಯ ಯಂತ್ರವನ್ನು ಸಣ್ಣ ಕಂಪನಿ ಕೊಳ್ಳಲಾರದು, ಸರ್ಕಾರ ಕೊಂಡಿಟ್ಟು ಎಲ್ಲರಿಗೂ ಬಾಡಿಗೆ ಲೆಕ್ಕದಲ್ಲಿ ಸಿಗುವ ಹಾಗೆ ಮಾಡಿದರೆ ಕಂಪನಿಗಳು ತಾವಾಗಿ ಸುತ್ತ ಸೇರುತ್ತವೆ. ಇದು ನಿಜವಾಗಿಯೂ ನಡೆದ ಒಳ್ಳೆಯ ಕೆಲಸ.

ಈಗ ರಾಗಿಯ ಕಡೆ ಬನ್ನಿ. ರಾಗಿ ಲಕ್ಷ್ಮಣಯ್ಯ ಅಂತಲೇ ಜನ ಕರೆದ ಸಿ.ಎಚ್. ಲಕ್ಷ್ಮಣಯ್ಯನವರು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ವರ್ಷಗಟ್ಟಲೆ ಮಾಡಿದ್ದು ಒಂದೇ ಕೆಲಸ, ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿಸಿದ್ದು. ಹೇಳುವಷ್ಟು ಸುಲಭ ಅಲ್ಲ ಅದು. ರಾಗಿ ಹೂವು ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದು, ಅರಳುವ ಹೊತ್ತಿಗೇ ತನ್ನ ಪರಾಗ ತಾನೇ ತೆಗೆದುಕೊಂಡುಬಿಡುತ್ತದೆ. ಎರಡು ತೆನೆಗಳನ್ನು ಒಟ್ಟಿಗೆ ಕಟ್ಟಿ ಬಿಟ್ಟು, ಆಮೇಲೆ ಹುಟ್ಟಿದ ರಾಶಿ ಸಸಿಗಳಲ್ಲಿ ನಿಜವಾಗಿ ಸಂಕರ ಆಗಿರುವ ಒಂದೆರಡನ್ನು ಹುಡುಕಬೇಕು. ಹಾಗೆ ಬಂದದ್ದು ಇಂಡಾಫ್ ತಳಿಗಳು. ಆಮೇಲೆ ಇಂಡಾಫ್-5, ಇಂಡಾಫ್-9 ಇವುಗಳನ್ನೇ ಬಳಸಿಕೊಂಡು ಜಿಕೆವಿಕೆಯಲ್ಲಿ ಜಿಪಿಯು-28 ಮಾಡಿದರು. ಬೆಂಕಿ ರೋಗ ತಡೆಯುತ್ತದೆ, ನಾಲ್ಕು ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. 1990ರ ದಶಕದಲ್ಲಿ ಬಂದ ತಳಿ, ಇವತ್ತಿಗೂ ತುಮಕೂರು, ರಾಮನಗರದ ಕಡೆ ರೈತ ಸಂಪರ್ಕ ಕೇಂದ್ರಕ್ಕೆ ಹೋದವರು ಹೆಸರು ಹಿಡಿದು ಕೇಳುತ್ತಾರೆ. ಅಂದರೆ ಒಬ್ಬರು ನಿವೃತ್ತರಾದ ಮೇಲೂ ಅವರ ಸಾಲುಗಳನ್ನು, ಅಂದರೆ ಹೊಸ ತಳಿಗೆ ಮೂಲವಾಗುವ ಬೀಜದ ವಂಶಗಳನ್ನು, ಇನ್ನೊಬ್ಬರು ಕಾಪಾಡಿಕೊಂಡು, ಬಿತ್ತುತ್ತಾ, ಪುಸ್ತಕದಲ್ಲಿ ಬರೆದಿಡುತ್ತಾ ಬಂದಿದ್ದಕ್ಕೆ ಇದು ಸಾಧ್ಯವಾಯಿತು.

ಈ ಕೆಲಸಕ್ಕೆ ಯಾವ ಕಂಪನಿ ದುಡ್ಡು ಹಾಕುತ್ತಿತ್ತು ಹೇಳಿ? ರಾಗಿ ಬೀಜ ಒಂದು ಸಲ ಕೊಂಡರೆ ಸಾಕು. ರೈತ ಮನೆಯಲ್ಲೇ ಇಟ್ಟುಕೊಂಡು ಮುಂದಿನ ಮುಂಗಾರಿಗೆ ಬಿತ್ತುತ್ತಾನೆ, ಪಕ್ಕದ ಹೊಲದವರಿಗೂ ಒಂದೆರಡು ಸೇರು ಕೊಡುತ್ತಾನೆ. ಕಂಪನಿಗೆ ಎರಡನೇ ವರ್ಷದ ವ್ಯಾಪಾರವೇ ಇಲ್ಲ. ಸೂರ್ಯಕಾಂತಿ ನೋಡಿ. ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿಎಸ್‌ಎಚ್-1 ಬಂದದ್ದೂ ಇದೇ ವಿಶ್ವವಿದ್ಯಾಲಯದಿಂದ, 1980ರಲ್ಲಿ. ಹೈಬ್ರಿಡ್ ಬೀಜ ಪ್ರತಿ ವರ್ಷ ಹೊಸದಾಗಿ ಕೊಳ್ಳಲೇಬೇಕು, ಆದ್ದರಿಂದ ಖಾಸಗಿಯವರು ಆ ಬೆಳೆಗೆ ಬಂದರು. ಇದರಲ್ಲಿ ಕಂಪನಿಯವರ ತಪ್ಪೇನೂ ಇಲ್ಲ, ಅವರು ನಡೆಯಬೇಕಲ್ವಾ. ಆದರೆ ಸಂಶೋಧನೆಯ ದಿಕ್ಕನ್ನು ಉದ್ಯಮದ ದುಡ್ಡಿಗೆ ಬಿಟ್ಟರೆ ರಾಗಿ, ನವಣೆ, ಹುರುಳಿಯಂಥವು ಒಂದೊಂದಾಗಿ ಪಟ್ಟಿಯಿಂದ ಜಾರಿಹೋಗುತ್ತವೆ. ಅದನ್ನು ತಡೆಯೋಕೆ ವಿಶ್ವವಿದ್ಯಾಲಯ ಬಿಟ್ಟರೆ ಬೇರೆ ಯಾರೂ ಇಲ್ಲ.

ಹಾಗಂತ ಜಿಕೆವಿಕೆಯವರು ಹಳೆಯ ದಾರಿಯಲ್ಲೇ ನಿಂತಿಲ್ಲ. ಅಲ್ಲಿನ ವಿಜ್ಞಾನಿ ಶೈಲಜಾ ಹಿತ್ತಲಮನಿಯವರ ತಂಡ ಡಿಎನ್‌ಎ ಗುರುತುಗಳನ್ನು ಹಿಡಿದು ಆರಿಸುವ ವಿಧಾನದಲ್ಲಿ ಎಂಎಎಸ್ 946-1, ಅಂದರೆ ಶಾರದಾ ಭತ್ತವನ್ನು 2007ರಲ್ಲಿ ಕೊಟ್ಟಿತು. ಗದ್ದೆಯಲ್ಲಿ ನೀರು ನಿಲ್ಲಿಸದೆ, ರಾಗಿ ಹೊಲದ ಹಾಗೆ ಬೆಳೆಯುವ ಭತ್ತ ಅದು. ಅದೇ ತಂಡ 2017ರಲ್ಲಿ ಎಂಎಲ್-365 ಅನ್ನುವ ರಾಗಿ ತಳಿಯ ಜೀನೋಮ್, ಅಂದರೆ ಅದರ ಡಿಎನ್‌ಎಯ ಇಡೀ ನಕ್ಷೆ ಪ್ರಕಟಿಸಿತು. ಯಾರು ಬೇಕಾದರೂ ನೋಡಬಹುದು. ಒಂದು ರಾಜ್ಯ ವಿಶ್ವವಿದ್ಯಾಲಯದಿಂದ ಇಂಥ ಕೆಲಸ ಬಂದಿದ್ದು ನನಗೆ ತುಂಬಾ ಹೆಮ್ಮೆಯ ವಿಷಯ. ನಮ್ಮ ಟಿವಿಗಳು ಅದಕ್ಕೆ ಇನ್ನಷ್ಟು ಹೊತ್ತು ಕೊಡಬಹುದಿತ್ತು.

ದುಡ್ಡಿನ ಮಾತಿಗೆ ಬರೋಣ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಸರ್ಕಾರಿಯೇ, ಹಾಲು ಬೆಣ್ಣೆಯ ರಾಜ್ಯದ್ದು. ಅಲ್ಲಿನ ಹ್ಯಾರಿ ಸ್ಟೀನ್‌ಬಾಕ್ ಆಹಾರದ ಮೇಲೆ ಅತಿನೇರಳೆ ಬೆಳಕು ಹಾಯಿಸಿದರೆ ವಿಟಮಿನ್ ಡಿ ಹೆಚ್ಚುತ್ತದೆ ಅಂತ ಕಂಡುಕೊಂಡರು. ಪೇಟೆಂಟನ್ನು ಕಂಪನಿಗೆ ಮಾರಿ ಸುಮ್ಮನಾಗಬಹುದಿತ್ತು. ಅದರ ಬದಲು 1925ರಲ್ಲಿ ಹಳೆಯ ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ಒಂದು ಪ್ರತಿಷ್ಠಾನ ಕಟ್ಟಿದರು. ಪೇಟೆಂಟ್ ಅದರ ಹೆಸರಿನಲ್ಲಿ, ಬಂದ ದುಡ್ಡು ವಾಪಸ್ ಪ್ರಯೋಗಾಲಯಗಳಿಗೆ. ಇವತ್ತಿಗೂ ಅದು ನಡೆಯುತ್ತಿದೆ. ಹರಗೋಬಿಂದ ಖೊರಾನರಿಗೆ 1968ರಲ್ಲಿ ನೊಬೆಲ್ ಬಂದಾಗ ಅವರು ಇದ್ದದ್ದು ಆ ವಿಶ್ವವಿದ್ಯಾಲಯದಲ್ಲೇ. ಆದರೆ ಇದರಲ್ಲಿ ಒಂದು ಕಹಿಯೂ ಇದೆ. ಬೆಣ್ಣೆ ಮಾಡುವ ರೈತರಿಗೆ ಪೆಟ್ಟು ಬೀಳಬಾರದು ಅಂತ ಆ ಪ್ರತಿಷ್ಠಾನ ಮಾರ್ಗರೀನ್, ಅಂದರೆ ಬೆಣ್ಣೆಯ ಬದಲು ಬಳಸುವ ಎಣ್ಣೆಯ ಪದಾರ್ಥ, ತಯಾರಿಸುವವರಿಗೆ ಲೈಸೆನ್ಸ್ ಕೊಡಲಿಲ್ಲ. ಬೆಣ್ಣೆ ಕೊಳ್ಳಲಾಗದ ಬಡವರು ತಿನ್ನುತ್ತಿದ್ದದ್ದು ಅದೇ ಮಾರ್ಗರೀನ್. 1940ರ ದಶಕದಲ್ಲಿ ನ್ಯಾಯಾಲಯ ಆ ಪೇಟೆಂಟ್‌ಗಳನ್ನು ರದ್ದು ಮಾಡುವಾಗ ಈ ವಿಷಯವನ್ನೂ ಎತ್ತಿತು. ಹಕ್ಕು ವಿಶ್ವವಿದ್ಯಾಲಯದ ಕಡೆ ಇದ್ದರೂ, ಅದನ್ನು ಯಾರಿಗೆ ಕೊಡುತ್ತಾರೆ, ಯಾರಿಗೆ ಕೊಡಲ್ಲ ಅಂತ ಜನ ಕೇಳುತ್ತಿರಬೇಕು.

ನಮ್ಮಲ್ಲೇ ನಡೆದದ್ದೂ ಒಂದಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ನಾಗಪುರದ ಹತ್ತಿ ಸಂಶೋಧನಾ ಸಂಸ್ಥೆ ಸೇರಿ ಸರ್ಕಾರಿ ಬಿಟಿ ಹತ್ತಿ, ಅಂದರೆ ಕಾಯಿಕೊರಕ ಹುಳು ತಡೆಯುವ ಜೀನ್ ಸೇರಿಸಿದ ಹತ್ತಿ ಮಾಡಿದ್ದವು, ಬಿಕನೇರಿ ನರ್ಮಾ ತಳಿಯಲ್ಲಿ. ರೈತರು ಬೀಜ ಉಳಿಸಿಕೊಂಡು ಮತ್ತೆ ಬಿತ್ತಬಹುದಿತ್ತು. ಎಷ್ಟು ದೊಡ್ಡ ಆಸೆ ಅದು! 2009ರಲ್ಲಿ ಹೊಲಕ್ಕೆ ಬಂತು. ಆಮೇಲೆ ಅದರಲ್ಲಿ ಅಮೆರಿಕದ ಬೀಜ ಕಂಪನಿ ಮೊನ್ಸಾಂಟೊದ ಜೀನ್ ಇರುವುದು ಪತ್ತೆಯಾಗಿ ವಾಪಸ್ ತೆಗೆದುಕೊಳ್ಳಬೇಕಾಯಿತು. ನನಗೆ ಇವತ್ತಿಗೂ ಅದರ ಬಗ್ಗೆ ಸಂಕಟ ಇದೆ. ಬೀಜ ಎಲ್ಲಿಂದ ಬಂತು, ಯಾವ ಗಾಜಿನಮನೆಯಲ್ಲಿ ಬೆಳೆಯಿತು, ಪಕ್ಕದಲ್ಲಿ ಏನಿತ್ತು, ಪ್ರತಿ ಹಂತದಲ್ಲಿ ಯಾರು ಪರೀಕ್ಷೆ ಮಾಡಿದರು ಅನ್ನುವ ದಾಖಲೆ ಇಡುವುದಕ್ಕೆ ಕಾಯಂ ಜನ ಬೇಕು. ಗುತ್ತಿಗೆ ಮೇಲೆ ಬಂದು ಯೋಜನೆ ಮುಗಿದ ತಕ್ಷಣ ಹೋಗುವ ಹುಡುಗ ಹುಡುಗಿಯರ ಮೇಲೆ ಆ ಭಾರ ಹಾಕುವುದು ಅನ್ಯಾಯ.

ಆದ್ದರಿಂದ ಮೊದಲು ಖಾಲಿ ಹುದ್ದೆ ತುಂಬಲಿ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಮೇಷ್ಟ್ರು ನಿವೃತ್ತರಾದರೆ ಆ ಜಾಗ ವರ್ಷಗಟ್ಟಲೆ ಹಾಗೇ ಇರುತ್ತದೆ, ಅವರು ಕಾಪಾಡಿಕೊಂಡು ಬಂದ ಸಾಲುಗಳನ್ನು ಬಿತ್ತುವವರು ಇರಲ್ಲ. ಬೀಜ ಫ್ರಿಜ್‌ನಲ್ಲಿ ಹಾಳಾದ ಮೇಲೆ ಎಷ್ಟು ಕೋಟಿ ಕೊಟ್ಟರೂ ಅದು ಬರಲ್ಲ. ಅದು ಹೋದರೆ ಕಂಪನಿಯ ಎದುರು ನಮ್ಮವರು ಬರೀ ಜಾಗ ಬಾಡಿಗೆಗೆ ಕೊಡುವವರಾಗಿ ಕೂರಬೇಕಾಗುತ್ತದೆ.

ಎರಡನೆಯದು, ಜಿಕೆವಿಕೆ ಒಳಗೇ ಇರುವ ಈ ಎರಡು ಲೋಕಗಳು ಇನ್ನಷ್ಟು ಹತ್ತಿರ ಬರಬೇಕು. ಸಿ-ಕ್ಯಾಂಪ್‌ನ ಯಂತ್ರಗಳು ಮತ್ತು ರಾಗಿ ತಾಕು, ನಡೆದುಕೊಂಡು ಹೋಗುವಷ್ಟು ದೂರ. ಕೃಷಿ ಎಂಎಸ್ಸಿ ಹುಡುಗಿ ಅಲ್ಲಿ ಆರು ತಿಂಗಳು ಕೆಲಸ ಕಲಿಯಲಿ, ಸ್ಟಾರ್ಟಪ್‌ನವರು ಒಂದು ಹಂಗಾಮು ತಾಕಿನಲ್ಲಿ ಓಡಾಡಲಿ. ನವೆಂಬರ್‌ನ ಕೃಷಿ ಮೇಳದಲ್ಲಿ ಬೀಜದ ಮಳಿಗೆ ಮುಂದೆ ಸಾಲು ನಿಂತವರನ್ನು ಕೇಳಿದರೆ, ಯಾವ ಸಮಸ್ಯೆಗೆ ಉತ್ತರ ಹುಡುಕಬೇಕು ಅಂತ ಅವರೇ ಹೇಳುತ್ತಾರೆ.

ಇನ್ನು ಒಪ್ಪಂದಗಳು. ಸಹಿ ಹಾಕಿದ ಫೋಟೊ ಹಾಕುವ ಜಾಗದಲ್ಲೇ ಒಪ್ಪಂದದ ಮುಖ್ಯ ಷರತ್ತುಗಳನ್ನೂ ಕನ್ನಡದಲ್ಲಿ ಹಾಕಲಿ. ತಳಿ ಯಾರದ್ದು, ಲಾಭದಲ್ಲಿ ಪಾಲೆಷ್ಟು, ಆ ಪಾಲು ಯಾವ ಪ್ರಯೋಗಾಲಯಕ್ಕೆ ಹೋಗುತ್ತದೆ. 2001ರ ಸಸ್ಯ ತಳಿ ಕಾಯ್ದೆ ರೈತನಿಗೆ ಬೀಜ ಉಳಿಸಿಕೊಳ್ಳುವ, ಬಿತ್ತುವ, ಹಂಚಿಕೊಳ್ಳುವ ಹಕ್ಕು ಕೊಟ್ಟಿದೆ. ಆ ಹಕ್ಕಿಗೆ ಅಡ್ಡ ಬರುವ ಸಾಲು ಒಂದೂ ಒಪ್ಪಂದದಲ್ಲಿ ಇರಬಾರದು.

ಜಿಕೆವಿಕೆ, ಧಾರವಾಡ, ರಾಯಚೂರಿನಲ್ಲಿ ಓದಿ ಈಗ ಬೀಜ, ಔಷಧಿ, ಬಯೋಟೆಕ್ ಕಂಪನಿಗಳಲ್ಲಿ ಇರುವವರು ಇದನ್ನು ಓದುವವರಲ್ಲಿ ತುಂಬಾ ಜನ ಇದ್ದೀರಿ. ವಿಶ್ವವಿದ್ಯಾಲಯದ ಜೊತೆ ಕೆಲಸ ಮಾಡುವಾಗ ನಿಮಗೆ ಎಲ್ಲಿ ತೊಡಕಾಯಿತು, ಯಾವ ಷರತ್ತು ಸರಿ ಅನಿಸಿತು, ಯಾವುದು ಅನಿಸಲಿಲ್ಲ, ದಯವಿಟ್ಟು ಬಿಡಿಸಿ ಬರೆಯಿರಿ.