ನಿಮ್ಮ ಕಡೆಯೂ ಅವರೇ, ಅವರ ಕಡೆಯೂ ಅವರೇ

ದಾವಣಗೆರೆಯಲ್ಲಿ ಮನೆ ತಗೋಬೇಕು ಅಂತ ಬೆಳಿಗ್ಗೆ ಟೀ ಅಂಗಡಿಯಲ್ಲಿ ಬಾಯಿಬಿಟ್ಟರೆ ಸಾಕು, ಮಧ್ಯಾಹ್ನದೊಳಗೆ ಬ್ರೋಕರ್ ಎದುರಿಗೆ ನಿಂತಿರುತ್ತಾರೆ. ಒಬ್ಬರಲ್ಲ. ಒಬ್ಬರಿಗೆ ಮನೆ ಗೊತ್ತು, ಇನ್ನೊಬ್ಬರಿಗೆ ಮನೆ ಗೊತ್ತಿರುವವರು ಗೊತ್ತು, ಮೂರನೆಯವರಿಗೆ ಈ ಇಬ್ಬರೂ ಗೊತ್ತು. ಕಮಿಷನ್ ಹಂಚುವಾಗ ಮಾತ್ರ ಮೂವರೂ ಮನೆ ತೋರಿಸಿದವರೇ.

ಅವರ ಭಾಷೆಯನ್ನು ಸ್ವಲ್ಪ ಕಲಿತಿರಬೇಕು. 'ವಿದ್ಯಾನಗರಕ್ಕೆ ಅಂಟಿಕೊಂಡೇ ಇದೆ' ಅಂದರೆ ಅಲ್ಲಿಂದ ಬೈಕಿನಲ್ಲಿ ಹತ್ತು ನಿಮಿಷ. 'ಕುಂದವಾಡ ಕೆರೆ ಕಾಣುತ್ತೆ' ಅಂದರೆ ನೀರಿನ ಟ್ಯಾಂಕ್ ಮೇಲೆ ಹತ್ತಿ ನಿಂತರೆ. 'ಡಾಕ್ಯುಮೆಂಟ್ ಎಲ್ಲಾ ಕ್ಲಿಯರ್' ಅಂದರೆ ಜೆರಾಕ್ಸ್ ಕ್ಲಿಯರ್ ಆಗಿ ಬಂದಿದೆ. 'ಪಾರ್ಟಿ ಅರ್ಜೆಂಟಲ್ಲಿದೆ' ಅನ್ನೋದನ್ನ ನಿಮಗೂ ಹೇಳುತ್ತಾರೆ, ಮಾರುವವರಿಗೂ ಹೇಳುತ್ತಾರೆ. ಅರ್ಜೆಂಟ್ ಇರೋದು ಯಾರಿಗೆ ಅಂತ ನಿಮಗೇ ಗೊತ್ತಾಗಬೇಕು.

ರೇಟು ಮಾತಾಡುವ ದಿನ ನೋಡಬೇಕು ಇವರನ್ನ. ಮಾರುವವರನ್ನು ಒಳಗಿನ ರೂಮಿಗೆ ಕರೆದುಕೊಂಡು ಹೋಗಿ ಕಿವಿಯಲ್ಲಿ ಏನೋ ಹೇಳುತ್ತಾರೆ. ಆಚೆ ಬಂದು ನಿಮ್ಮ ಹೆಗಲ ಮೇಲೆ ಕೈಹಾಕಿ ಗೇಟಿನ ತನಕ ನಡೆಸುತ್ತಾರೆ. "ಸಾರ್, ನಾನು ನಿಮ್ಮ ಕಡೆಯವನು. ಇನ್ನೊಂದೇ ಒಂದು ಲಕ್ಷ ಮೇಲೆ ಬನ್ನಿ. ಇಲ್ಲಾಂದ್ರೆ ಶಾಮನೂರು ರೋಡಿನ ಪಾರ್ಟಿ ನಾಳೆ ಟೋಕನ್ ಕೊಟ್ಟುಬಿಡುತ್ತೆ." ಆ ಶಾಮನೂರು ರೋಡಿನ ಪಾರ್ಟಿಯನ್ನು ಈವರೆಗೆ ಯಾರೂ ಕಣ್ಣಾರೆ ಕಂಡಿಲ್ಲ. ಆದರೂ ಊರಿನ ಎಲ್ಲಾ ಮನೆಗೂ ಅವರದೇ ಟೋಕನ್.

ಲೆಕ್ಕ ಹಾಕಿ. 50 ಲಕ್ಷದ ಮನೆ, ಎರಡೂ ಕಡೆಯಿಂದ 1 ಪರ್ಸೆಂಟ್ ಅಂತಿಟ್ಟುಕೊಳ್ಳೋಣ. ಬ್ರೋಕರಿಗೆ 1 ಲಕ್ಷ. ನಿಮ್ಮ ಪರವಾಗಿ ಜಗಳ ಆಡಿ 3 ಲಕ್ಷ ಇಳಿಸಿದರೆ ಅವರಿಗೆ 6 ಸಾವಿರ ಖೋತಾ. ಮೇಲೆ ಎರಡು ವಾರದ ಓಡಾಟ, ವ್ಯಾಪಾರ ಮುರಿದರೆ ಕಮಿಷನ್ನೇ ಇಲ್ಲ. 'ನೀವೇ ಒಂದು ಒಳ್ಳೆ ರೇಟ್ ಮಾಡಿಸಿಕೊಡಿ' ಅಂತ ಅವರಿಗೇ ಕೈಮುಗಿಯುತ್ತೇವಲ್ಲ, ನಮಗೆ ಏನನ್ನಬೇಕು! ಕೋರ್ಟಿನಲ್ಲಿ ವಾದಿಗೂ ಪ್ರತಿವಾದಿಗೂ ಒಬ್ಬರೇ ವಕೀಲರು ನಿಂತರೆ ಜಡ್ಜ್ ಓಡಿಸುತ್ತಾರೆ. ಇಲ್ಲಿ ಇಬ್ಬರೂ ಕಾಫಿ ಕುಡಿಸಿ ಫೀಸ್ ಕೊಡುತ್ತೇವೆ.

ಕಾನೂನು ಇಲ್ಲವೇ ಅಂದರೆ ಇದೆ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಪ್ರಕಾರ ನೋಂದಣಿಯಾದ ಲೇಔಟು, ಅಪಾರ್ಟ್‌ಮೆಂಟು ಮಾರಿಸುವ ಏಜೆಂಟರು ತಾವೂ ನೋಂದಣಿ ಮಾಡಿಸಿರಬೇಕು. ರೇರಾ ನಂಬರ್ ಕೇಳಿ ನೋಡಿ, ಮೊಬೈಲ್ ನಂಬರ್ ಹೇಳುತ್ತಾರೆ. ಹಳೇ ಮನೆ ಕೈ ಬದಲಾಗುವಾಗ ಆ ನಿಯಮವೂ ಅಡ್ಡ ಬರಲ್ಲ. ಒಂದು ಬೈಕು, ಎರಡು ಸಿಮ್ಮು, ಗಟ್ಟಿ ದನಿ, ಅಷ್ಟೇ ಲೈಸೆನ್ಸ್.

ಸುಮ್ನೆ ಬೈಯೋದೂ ತಪ್ಪು. ಯಾವ ಓಣಿಯಲ್ಲಿ ಯಾರು ಮಾರುತ್ತಾರೆ ಅನ್ನೋದು ಬೋರ್ಡ್ ಹಾಕುವ ಮೊದಲೇ ಅವರಿಗೆ ಗೊತ್ತಿರುತ್ತೆ. ಇಸಿ, ಅಂದರೆ ಆಸ್ತಿಯ ಋಣಭಾರ ಪತ್ರ ಬೇಕಾದರೆ ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ನಾವೇ ಅರ್ಜಿ ಹಾಕಬಹುದು. ಆದರೆ ಅದರಲ್ಲಿ ಕಾಣೋದು ರಿಜಿಸ್ಟರ್ ಆದ ವ್ಯವಹಾರ ಮಾತ್ರ. ಅಣ್ಣ ಮಾರಲು ಹೊರಟಿದ್ದಾನೆ, ತಮ್ಮ ಮುನಿಸಿಕೊಂಡು ಹರಿಹರದಲ್ಲಿ ಕೂತಿದ್ದಾನೆ ಅನ್ನೋದು ಇಸಿಯಲ್ಲಿ ಬರಲ್ಲ. ಬ್ರೋಕರಿಗೆ ಗೊತ್ತಿರುತ್ತೆ. ರಿಜಿಸ್ಟರ್ ಆಗುವ ಮೊದಲು ಹೇಳುತ್ತಾರಾ, ಆಮೇಲೆ ಹೇಳುತ್ತಾರಾ ಅನ್ನೋದೇ ಕಷ್ಟ. ಅದಕ್ಕೇ ಕಾಗದ ನೋಡಲು ಬೇರೆ ವಕೀಲರನ್ನೇ ಹಿಡಿಯಬೇಕು, ಬ್ರೋಕರ್ ಕರೆತಂದವರನ್ನಲ್ಲ.

ಇನ್ನು ಫೀಸ್. ಪರ್ಸೆಂಟ್ ಲೆಕ್ಕ ಬೇಡ ಅನ್ನಿ. "ಹೇಳಿದ ರೇಟಿಗಿಂತ ಎಷ್ಟು ಇಳಿಸುತ್ತೀರೋ ಅದರಲ್ಲಿ ಕಾಲು ಭಾಗ ನಿಮ್ಮದು. ಮಾರುವವರ ಹತ್ತಿರ ಒಂದು ಪೈಸೆ ಮುಟ್ಟಬಾರದು." ಆಮೇಲೆ ಅವರ ಹಿಂದೆ ಅದೇ ಮನೆಗೆ ಇನ್ನೊಂದು ಸಲ ಹೋಗಿ. ಹಾಲ್ ಗೋಡೆಯ ಬಿರುಕು ಅವರಿಗೇ ಮೊದಲು ಕಾಣುತ್ತೆ. ಬಚ್ಚಲ ನಲ್ಲಿ ತಿರುಗಿಸಿ ಒಂದು ಗುಟುಕು ಕುಡಿದು ಮುಖ ಕಿವಿಚುತ್ತಾರೆ. "ಸಾರ್, ಬೋರ್ ನೀರು ಪೂರಾ ಉಪ್ಪು. ಇದಕ್ಕೆ ಅಷ್ಟೊಂದು ಯಾರು ಕೊಡ್ತಾರೆ ಸಾರ್!"