ಬಾವನ ರಿಪೋರ್ಟು, ಕೆಂಪು ಪೆನ್ನು ಮತ್ತು 'ಒಳ್ಳೆ' ಕೊಲೆಸ್ಟ್ರಾಲ್

ಕಳೆದ ಭಾನುವಾರ ಬಾವ ಬ್ಲಡ್ ರಿಪೋರ್ಟ್ ಹಿಡಿದುಕೊಂಡು ಮನೆಗೆ ಬಂದರು. ಕಾಫಿ ಕುಡಿಯುವ ಮೊದಲೇ ಕಾಗದ ಬಿಡಿಸಿ, "ನೋಡೋ, ಒಳ್ಳೆ ಕೊಲೆಸ್ಟ್ರಾಲ್ 34 ಅಂತೆ. ಗಂಡಸರಿಗೆ 40 ಆದ್ರೂ ಇರ್ಬೇಕಂತೆ" ಅಂದರು. ಆ ಒಳ್ಳೆ ಕೊಲೆಸ್ಟ್ರಾಲ್, ಅಂದರೆ ಎಚ್‌ಡಿಎಲ್ ಸಾಲಿಗೆ ಕೆಂಪು ಪೆನ್ನಿನಲ್ಲಿ ಎರಡು ಸುತ್ತು ಹಾಕಿದ್ದರು. ಅದನ್ನು ಏರಿಸುತ್ತೆ ಅಂತ ವಾಟ್ಸಾಪ್‌ನಲ್ಲಿ ಬಂದಿದ್ದ ಯಾವುದೋ ಕ್ಯಾಪ್ಸೂಲನ್ನೂ ತರಿಸಿಬಿಟ್ಟಿದ್ದರು, 1,400 ರೂಪಾಯಿ ಕೊಟ್ಟು. ಅದೇ ಹಾಳೆಯಲ್ಲಿ ಸ್ವಲ್ಪ ಕೆಳಗೆ ಎಲ್‌ಡಿಎಲ್, ಅಂದರೆ ಜನ 'ಕೆಟ್ಟ' ಕೊಲೆಸ್ಟ್ರಾಲ್ ಅನ್ನೋದು, 162 ಅಂತಿತ್ತು. ಅದು ಜಾಸ್ತಿಯೇ. ಅದಕ್ಕೆ ಪೆನ್ನು ಮುಟ್ಟಿಯೇ ಇರಲಿಲ್ಲ.

ನನಗೆ ಸಿಟ್ಟಿರೋದು ಆ 'ಒಳ್ಳೆ' ಅನ್ನೋ ಪದದ ಮೇಲೆ. ಒಳ್ಳೇದು ಅಂದಮೇಲೆ ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತ ತಾನೇ ಜನ ಅಂದುಕೊಳ್ಳೋದು?

ಕೊಲೆಸ್ಟ್ರಾಲ್ ಒಂದೇ, ಅದನ್ನು ಹೊತ್ತೊಯ್ಯುವ ಗಾಡಿಗಳು ಬೇರೆ ಬೇರೆ. ಎಲ್‌ಡಿಎಲ್ ಜಾಸ್ತಿ ಆದರೆ ರಕ್ತನಾಳದ ಗೋಡೆಯೊಳಗೆ ಸೇರಿಕೊಳ್ಳುತ್ತದೆ. ಎಚ್‌ಡಿಎಲ್ ಅಲ್ಲಿಂದ ಒಂದಿಷ್ಟು ಎತ್ತಿಕೊಂಡು ಲಿವರ್‌ಗೆ ಮುಟ್ಟಿಸುತ್ತದೆ. ಕಸದ ಲಾರಿ ಅಂತಿಟ್ಟುಕೊಳ್ಳಿ. ಲಾರಿಗಳಲ್ಲಿ ಈಗ ಎಷ್ಟು ಕಸ ಇದೆ ಅಂತ ರಿಪೋರ್ಟ್ ಹೇಳುತ್ತದೆ. ಅವು ದಿನಕ್ಕೆ ಎಷ್ಟು ಟ್ರಿಪ್ ಹೊಡೆದವು ಅಂತ ಹೇಳುವುದಿಲ್ಲ.

ಎಚ್‌ಡಿಎಲ್ ಕಡಿಮೆ ಇದ್ದವರಿಗೆ ಹಾರ್ಟ್ ಅಟ್ಯಾಕ್ ಜಾಸ್ತಿ ಅನ್ನೋದೇನೋ ನಿಜ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಅಧ್ಯಯನ 1977ರಲ್ಲೇ ಅದನ್ನು ತೋರಿಸಿತ್ತು. ಹಾಗಾದರೆ ಏರಿಸಿಬಿಡೋಣ ಅಂತ ಔಷಧ ಕಂಪನಿಗಳು ಹೊರಟವು. ಫೈಜರ್‌ನ ಟಾರ್ಸೆಟ್ರಪಿಬ್ ಮಾತ್ರೆ ಎಚ್‌ಡಿಎಲನ್ನು ಶೇ. 72ರಷ್ಟು ಏರಿಸಿತು, ಎಲ್‌ಡಿಎಲನ್ನೂ ಇಳಿಸಿತು. ಕಾಗದದ ಮೇಲೆ ಇದಕ್ಕಿಂತ ಚೆಂದದ ರಿಪೋರ್ಟ್ ಬೇಕಾ? ಆದರೆ ಸುಮಾರು 15,000 ಜನರ ಮೇಲೆ ನಡೆದ ಆ ಪರೀಕ್ಷೆಯನ್ನು 2006ರ ಡಿಸೆಂಬರ್‌ನಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಮಾತ್ರೆ ತಗೊಂಡವರ ಗುಂಪಿನಲ್ಲೇ ಸಾವು ಜಾಸ್ತಿ ಆಗಿತ್ತು. ಆ ಮಾತ್ರೆ ಬಿಪಿಯನ್ನೂ ಏರಿಸುತ್ತಿತ್ತು, ಹಾಗಾಗಿ ತಪ್ಪು ಪೂರ್ತಿ ಎಚ್‌ಡಿಎಲ್‌ನದ್ದು ಅನ್ನಲಾಗದು. ಆದರೆ ಅದೇ ಜಾತಿಯ ಇನ್ನೆರಡು ಮಾತ್ರೆಗಳೂ 2012 ಮತ್ತು 2015ರಲ್ಲಿ ಸೋತವು. ಎಚ್‌ಡಿಎಲ್ ಏರಿತು, ಹೃದಯಕ್ಕೆ ಏನೂ ದಕ್ಕಲಿಲ್ಲ. ಎಚ್‌ಡಿಎಲ್ ಏರಿಸೋಕೆ ಕೊಡುತ್ತಿದ್ದ ನಯಾಸಿನ್ ಅನ್ನೋ ವಿಟಮಿನ್ನಿನ ಕಥೆಯೂ ಅಷ್ಟೇ.

ನನಗೆ ತುಂಬಾ ಇಷ್ಟವಾದದ್ದು ಇಟಲಿಯ ಕಥೆ. ಗಾರ್ಡಾ ಸರೋವರದ ದಡದಲ್ಲಿ ಲಿಮೋನೆ ಅಂತ ಪುಟ್ಟ ಊರಿದೆ. 1970ರ ದಶಕದಲ್ಲಿ ಆ ಊರಿನ ಒಬ್ಬ ರೈಲ್ವೆ ನೌಕರ ಮಿಲಾನ್‌ಗೆ ಹೋಗಿ ರಕ್ತ ತೋರಿಸಿದ. ಎಚ್‌ಡಿಎಲ್ ಬಾವನದ್ದರ ಅರ್ಧವೂ ಇರಲಿಲ್ಲ. ಆದರೆ ರಕ್ತನಾಳಗಳು ಚೊಕ್ಕವಾಗಿದ್ದವು. ಡಾಕ್ಟರ್ ಚೆಸಾರೆ ಸಿರ್ತೋರಿ ಮತ್ತು ಜೊತೆಯವರು ಹುಡುಕುತ್ತಾ ಹೋದಾಗ, ಅದೇ ಊರಿನ ಸುಮಾರು 40 ಜನರಲ್ಲಿ ಎಚ್‌ಡಿಎಲ್‌ನ ಮುಖ್ಯ ಪ್ರೋಟೀನ್ ಕೊಂಚ ಬದಲಾಗಿರುವುದು ಸಿಕ್ಕಿತು. ಎಲ್ಲರೂ ಒಂದೇ ಮೂಲದ ಕುಟುಂಬದವರು. ಎಚ್‌ಡಿಎಲ್ ಅಷ್ಟು ಕಡಿಮೆ ಇದ್ದರೂ ಹೃದಯದ ಕಾಯಿಲೆ ಅಪರೂಪ.

ಆ ಕಡೆ ಕೋಪನ್‌ಹೇಗನ್‌ನಲ್ಲಿ ಲಕ್ಷಕ್ಕೂ ಹೆಚ್ಚು ಜನರನ್ನು ನೋಡಿದಾಗ, ಎಚ್‌ಡಿಎಲ್ ವಿಪರೀತ ಏರಿದ್ದವರಲ್ಲೂ ಸಾವು ಜಾಸ್ತಿ ಕಂಡಿತು. ಈಗ ಹೇಳಿ, ಯಾವುದು ಒಳ್ಳೇದು?

ನಮ್ಮಲ್ಲಿ ಎಚ್‌ಡಿಎಲ್ ಕಡಿಮೆ ಇರೋದು ಮನೆಮನೆ ಕಥೆ. ಹೆಚ್ಚಿನ ಸಲ ಜೊತೆಗೆ ಹೊಟ್ಟೆ ಬಂದಿರುತ್ತದೆ, ಟ್ರೈಗ್ಲಿಸರೈಡ್ ಅನ್ನೋ ರಕ್ತದ ಇನ್ನೊಂದು ಕೊಬ್ಬು ಏರಿರುತ್ತದೆ, ಶುಗರ್ ಹೊಸಿಲ ಮೇಲೆ ನಿಂತಿರುತ್ತದೆ. ಬಾವನಿಗೆ ಇವೆಲ್ಲದರ ಜೊತೆ ದಿನಕ್ಕೆ ಆರು ಸಿಗರೇಟ್ ಬೇರೆ. 34 ಅನ್ನೋದು ಮನೆಯೊಳಗೆ ಏನೋ ಸುಡ್ತಿದೆ ಅಂತ ಹೇಳುವ ಹೊಗೆ. ಹೊಗೆಗೆ ಬೀಸಣಿಗೆ ಹಾಕಿ ಏನು ಪ್ರಯೋಜನ ಅಂದೆ. ನಡೆಯಿರಿ, ಸಿಗರೇಟ್ ಬಿಡಿ, ಆ 162 ಹಿಡಿದುಕೊಂಡು ಮೊದಲು ಡಾಕ್ಟರ್ ಹತ್ತಿರ ಹೋಗಿ ಅಂತಾನೂ ಅಂದೆ.

ಬಾವ ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು ಎಲ್‌ಡಿಎಲ್‌ಗೂ ಒಂದು ಸುತ್ತು ಹಾಕಿದರು. "ಸೋಮವಾರ ತೋರಿಸ್ತೀನಿ. ಆದ್ರೆ ಕ್ಯಾಪ್ಸೂಲಿಗೆ 1,400 ಕೊಟ್ಟಿದೀನಿ ಕಣೋ, ಅದೊಂದು ಡಬ್ಬಿ ಮುಗಿಸ್ಬಿಡ್ತೀನಿ" ಅಂದರು.